ನಾಲಿಗೆಯಡಿಯ ಮದ್ದು: ಮೊದಲು ಧೂಳು ಯಾವುದೆಂದು ತಿಳಿಯಲಿ

ಧೂಳುನುಸಿಯ ಅಲರ್ಜಿಗೂ ಅದರ ಬೆನ್ನಿಗೆ ಬರುವ ಸೌಮ್ಯ ದಮ್ಮಿಗೂ ನಾಲಿಗೆಯಡಿ ಹನಿ ಅಥವಾ ಮಾತ್ರೆ ಇಟ್ಟುಕೊಳ್ಳುವ ಚಿಕಿತ್ಸೆ ಒಳ್ಳೆಯದೇ. ಆದರೆ ರಾಯಚೂರು ಸೀಮೆಯಲ್ಲಿ ಉಸಿರು ಕಟ್ಟಿಸುವ ಧೂಳು ಒಂದೇ ಅಲ್ಲ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಹಾರುಬೂದಿ, ಜಿನ್ನಿಂಗ್ ಮಿಲ್ಲುಗಳ ಹತ್ತಿ ಎಳೆ, ಮಾನ್ವಿಯ ಅಕ್ಕಿ ಗಿರಣಿಗಳ ಹೊಟ್ಟು, ಇವೆಲ್ಲ ಶ್ವಾಸನಾಳವನ್ನು ಕೆರಳಿಸುತ್ತವೆ. ನುಸಿಯ ಪ್ರೋಟೀನನ್ನೇ ದಿನವೂ ಕೊಟ್ಟು ದೇಹಕ್ಕೆ ಸಹನೆ ಕಲಿಸುವ ಮದ್ದಿನಲ್ಲಿ ಬೂದಿಗೆ, ಹೊಟ್ಟಿಗೆ ಉತ್ತರವಿಲ್ಲ. ಈ ಒಣನಾಡಿನಲ್ಲಿ ನುಸಿ ಎಲ್ಲಿಂದ ಬರಬೇಕು ಎಂದೂ ಕೇಳಬಹುದು. ನುಸಿ ಗಾಳಿಯ ತೇವ ಹೀರಿ ಬದುಕುತ್ತದೆ. ಆರ್ದ್ರತೆ ಬಹುಕಾಲ ಶೇ. 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ಆದರೆ ಮಳೆಗಾಲದ ಥಂಡಿ, ಬೇಸಿಗೆಯ ನೀರಿನ ಕೂಲರ್, ಹಾಸಿಗೆಗಿಳಿದ ಬೆವರು ಅದಕ್ಕೆ ನೆಲೆ ಕೊಡಬಲ್ಲವು. ಆದ್ದರಿಂದ ನುಸಿಯೇ ಎಂಬ ಊಹೆಯೂ ಸಲ್ಲದು, ನುಸಿ ಇಲ್ಲವೆಂಬ ಊಹೆಯೂ ಸಲ್ಲದು. ಚರ್ಮದ ಪರೀಕ್ಷೆ ಅಥವಾ ರಕ್ತದಲ್ಲಿನ ಅಲರ್ಜಿಯ ಪ್ರತಿಕಾಯ ಐಜಿಇಯ ಪರೀಕ್ಷೆ ಹೇಳುವುದೂ ರೋಗಿಯ ಲಕ್ಷಣಗಳು ಹೇಳುವುದೂ ತಾಳೆಯಾದಾಗ ಮಾತ್ರ ಈ ಮದ್ದು ಶುರುವಾಗಬೇಕು.

ಫಲದ ಪುರಾವೆ ಗಟ್ಟಿಯಿದೆ, ಆದರೆ ಅದಕ್ಕೆ ಎಲ್ಲೆಯಿದೆ. 2016ರಲ್ಲಿ ಪ್ರಕಟವಾದ, ಯುರೋಪಿನ 834 ವಯಸ್ಕರ ಅಧ್ಯಯನದಲ್ಲಿ ಇನ್‌ಹೇಲರ್ ಸ್ಟೀರಾಯ್ಡ್ ತಗ್ಗಿಸುತ್ತ ಹೋದಾಗ, ನುಸಿ ಮಾತ್ರೆ ಪಡೆದವರಲ್ಲಿ ದಮ್ಮು ಉಲ್ಬಣಿಸುವ ಅಪಾಯ ಸುಮಾರು ಶೇ. 30ರಷ್ಟು ಇಳಿಯಿತು; ಜೀವನದ ಗುಣಮಟ್ಟದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆ ಒರೆಗೆ ಹಚ್ಚಿದ 66 ಪ್ರಯೋಗಗಳಲ್ಲಿ ಹೆಚ್ಚಿನವು ಸೌಮ್ಯ ದಮ್ಮಿನವರ ಮೇಲೆ ನಡೆದಿದ್ದರೂ ಉಲ್ಬಣವನ್ನು ಅಳೆದವು ತೀರ ಕಡಿಮೆ. ಮೇಲಾಗಿ, 2016ರ ಆ ಫಲ ಪ್ರಮಾಣೀಕರಿಸಿದ ಮಾತ್ರೆಯದು. ಹಲವು ಅಲರ್ಜನ್ ಬೆರೆಸಿದ, ಶಕ್ತಿ ನಮೂದಿಸದ ಸೀಸೆಯೂ ಅದೇ ಗುಣ ಕೊಡುತ್ತದೆಂದು ನಂಬಲು ಆಧಾರವಿಲ್ಲ.

ದೇವದುರ್ಗದ ಕೂಲಿಕಾರರು ನುಸಿ ಅಲರ್ಜಿಯ ಚುಚ್ಚುಮದ್ದಿಗಾಗಿ ವಾರವಾರ ರಾಯಚೂರಿಗೆ ಬರುವುದಕ್ಕಿಂತ ಮನೆಯಲ್ಲೇ ಹನಿ ಹಾಕಿಕೊಳ್ಳುವುದು ಲೇಸಲ್ಲವೇ ಎಂಬ ವಾದಕ್ಕೆ ತೂಕವಿದೆ. ತೀವ್ರ ಪ್ರತಿಕ್ರಿಯೆ ಚುಚ್ಚುಮದ್ದಿಗಿಂತ ಇಲ್ಲಿ ವಿರಳ. ಬಾಯಿತುರಿಕೆಯೇ ಸಾಮಾನ್ಯ ತೊಂದರೆ. ಆದರೂ ಮೊದಲ ಡೋಸ್ ವೈದ್ಯರ ಎದುರೇ ಆಗಿ ಅರ್ಧ ಗಂಟೆ ನಿಗಾ ಇರಬೇಕು. ಹತೋಟಿಗೆ ಬಾರದ ದಮ್ಮಿಗೆ ಇದನ್ನು ಕೊಡಲೇಬಾರದು. ಫಲ ಬಾಳಬೇಕಾದರೆ ಮೂರು ವರ್ಷ ಬಿಡದೆ ತೆಗೆದುಕೊಳ್ಳಬೇಕು. ವರ್ಷವರ್ಷ ಗುಳೆ ಹೋಗುವ ಕುಟುಂಬಕ್ಕೆ ಆ ಖರ್ಚು, ಆ ಶಿಸ್ತು ಎರಡೂ ಭಾರ. ಅರ್ಧಕ್ಕೆ ಬಿಟ್ಟರೆ ಹಣವೂ ಹೋಯಿತು, ದಮ್ಮೂ ಉಳಿಯಿತು. ಇನ್‌ಹೇಲರ್ ಚಟ ಹಿಡಿಸುತ್ತದೆಂಬ ತಪ್ಪು ಭಯ ಈ ಹನಿಗೆ ಗಿರಾಕಿ ತರಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಸ್ಟೀರಾಯ್ಡ್ ಇನ್‌ಹೇಲರ್ ತಪ್ಪದೆ ಸಿಗಲಿ, ರಾಯಚೂರಿನ ರಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಅಲರ್ಜಿ ಪರೀಕ್ಷೆ ಬಡವರ ಕೈಗೆಟುಕಲಿ. ಅಷ್ಟಾದ ಮೇಲೂ ನುಸಿಯಿಂದಲೇ ನರಳುವವರಿಗೆ ನಾಲಿಗೆಯಡಿಯ ಮದ್ದು ನ್ಯಾಯವಾದ ಆಯ್ಕೆ.