ಎಡದ ಕಂಪು, ಬಲದ ಕಂಪು

ಸುಗಂಧದ ರಸಿಕನಾಗಬಯಸುವವನು ಮೊದಲು ಪರೀಕ್ಷಿಸತಕ್ಕ ವಸ್ತು ಯಾವುದೆಂದು ಕೇಳಿದರೆ, ಕಾರ್ವೋನ್ ಎಂಬ ದ್ರವದ ಎರಡು ಸೀಸೆಗಳೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು. ಎರಡರಲ್ಲಿಯೂ 10 ಇಂಗಾಲ, 14 ಜಲಜನಕ, 1 ಆಮ್ಲಜನಕ ಪರಮಾಣುಗಳು ಒಂದೇ ಕ್ರಮದಲ್ಲಿ ಹೆಣೆದುಕೊಂಡಿವೆ; ಕುದಿಯುವ ಉಷ್ಣತೆ ಒಂದೇ, ಸಾಂದ್ರತೆಯೂ ಒಂದೇ. ಆದರೂ ಮದ್ಯಸಾರದಲ್ಲಿ ತೆಳುಗೊಳಿಸಿದ ಈ ದ್ರವಗಳಲ್ಲಿ ಕಾಗದದ ಪಟ್ಟಿಗಳನ್ನದ್ದಿ, ಮದ್ಯಸಾರವು ಆರಿದ ಬಳಿಕ ಮೂಗಿನ ಸಮೀಪಕ್ಕೆ ತಂದರೆ, ಒಂದರಿಂದ ಸ್ಪಿಯರ್‌ಮಿಂಟ್ ಎಂಬ ಪುದೀನ ಜಾತಿಯ ಹಸುರಾದ, ತುಸು ಸಿಹಿಯಾದ ಕಂಪೂ, ಮತ್ತೊಂದರಿಂದ ಶಾಜೀರಿಗೆಯ ಮತ್ತು ಸಬ್ಬಸಿಗೆ ಬೀಜದ ಬೆಚ್ಚನೆಯ ಒಣ ಘಾಟೂ ಹೊಮ್ಮುವುವು.

ಈ ಅಣುಗಳೆರಡೂ ಪರಸ್ಪರ ಕನ್ನಡಿಯ ಪ್ರತಿಬಿಂಬಗಳು. ಎಡಗಾಲಿನ ಪಾದರಕ್ಷೆಯು ಬಲಗಾಲಿಗೆ ಹೇಗೆ ಒಪ್ಪದೋ ಹಾಗೆ ಒಂದನ್ನು ಎತ್ತ ತಿರುಗಿಸಿದರೂ ಇನ್ನೊಂದರ ಸ್ಥಾನದಲ್ಲಿ ಕೂರಿಸಲಾಗದು. ದ್ರವ್ಯಗಳಲ್ಲಿ ಇಂತಹ ಎಡ-ಬಲ ಭೇದವುಂಟೆಂಬುದನ್ನು ಲೂಯಿ ಪಾಸ್ತರನು 1848ರಲ್ಲಿಯೇ ಟಾರ್ಟರಿಕ್ ಆಮ್ಲದ ಲವಣದ ಹರಳುಗಳನ್ನು ಒಂದೊಂದಾಗಿ ಆರಿಸಿ ತೋರಿಸಿದ್ದನು. ಆದರೆ ವಾಸನೆಯ ಭೇದಕ್ಕೆ ಸೀಸೆಯಲ್ಲಿ ಉಳಿದ ಕಲ್ಮಷವೇ ಕಾರಣವಿರಬಹುದೆಂಬ ಸಂಶಯವು ಬಹುಕಾಲ ಉಳಿದಿದ್ದು, 1971ರಲ್ಲಿ ಅತ್ಯಂತ ಶುದ್ಧವಾದ ಕಾರ್ವೋನ್‌ಗಳ ಪರೀಕ್ಷೆಯಿಂದ ಪರಿಹಾರವಾಯಿತು. ವಾಸನೆಯನ್ನು ಗ್ರಹಿಸುವ ನಮ್ಮ ನಾಸಿಕದ ಪ್ರೋಟೀನುಗಳೂ ಎಡ-ಬಲಗಳಲ್ಲಿ ಒಂದೇ ಪಕ್ಷದ ಅಮೈನೋ ಆಮ್ಲಗಳಿಂದ ರಚಿತವಾದುವಾದ್ದರಿಂದ, ಅವು ಬಿಂಬ ಪ್ರತಿಬಿಂಬಗಳನ್ನು ಸಮಾನವಾಗಿ ಬರಮಾಡಿಕೊಳ್ಳಬೇಕಾಗಿಲ್ಲ. ಎಲ್ಲ ಜೋಡಿಗಳಲ್ಲಿಯೂ ಅಂತರವು ಇಷ್ಟು ಸ್ಫುಟವಾಗಿರುವುದಿಲ್ಲ. ಎಷ್ಟೋ ಜೋಡಿಗಳನ್ನು ಮೂಗು ಪ್ರತ್ಯೇಕಿಸಲಾರದು.

ಸಹಜವೋ ಕೃತಕವೋ ಎಂಬ ನಮ್ಮ ಹಳೆಯ ವಾದಕ್ಕೆ ಈ ವಿಚಾರದಿಂದ ಹೊಸ ಬೆಳಕು ಬೀಳುತ್ತದೆ. ಕಿತ್ತಳೆ ಸಿಪ್ಪೆಯ ಲಿಮೊನೀನ್‌ನಿಂದ ಕಾರ್ಖಾನೆಯಲ್ಲಿ ತಯಾರಾಗುವ ಕಾರ್ವೋನ್ ಪುದೀನದ ಮುಖವನ್ನೇ ಕಾಣದಿದ್ದರೂ ಅದರ ಪಕ್ಷಕ್ಕೇ ಸೇರಿದ್ದು, ಅದರ ಕಂಪನ್ನೇ ಬೀರುತ್ತದೆ. ಇದಕ್ಕೆ ಪ್ರತಿಯಾಗಿ ಲಿನಲೂಲ್ ಎಂಬ ಸುಗಂಧ ದ್ರವ್ಯವನ್ನು ನೋಡಿರಿ. ಲ್ಯಾವೆಂಡರ್ ಗಿಡವು ಅದರ ಒಂದು ರೂಪವನ್ನೂ ಕೊತ್ತಂಬರಿ ಬೀಜವು ಪ್ರಧಾನವಾಗಿ ಇನ್ನೊಂದನ್ನೂ ನಿರ್ಮಿಸುತ್ತವೆ. ಸಾಮಾನ್ಯವಾಗಿ ಸಂಶ್ಲೇಷಿತ ಲಿನಲೂಲ್‌ನಲ್ಲಿ ಎರಡೂ ಸಮಭಾಗವಾಗಿ ಬೆರೆತಿರುತ್ತವೆ. ಲ್ಯಾವೆಂಡರ್ ತೈಲಕ್ಕೆ ಇದನ್ನು ಸುರಿದಾಗ ಮೂಲದ ಸೌಮ್ಯತೆಯು ಕದಡಿತೆಂದು ರಸಿಕನು ದೂರಿದರೆ ಅದನ್ನು ಭ್ರಮೆಯೆಂದು ತಳ್ಳಿಹಾಕಲಾಗದು.

ಹಾಗೆಂದು ಮಿಶ್ರಣವು ಕೀಳೆಂದು ಭಾವಿಸತಕ್ಕದ್ದಲ್ಲ. ಸುಗಂಧಕಾರ ಎದ್ಮೋಂ ರುದ್ನಿತ್ಸ್ಕ 1966ರಲ್ಲಿ ಡಿಯೋರ್ ಸಂಸ್ಥೆಗಾಗಿ ರಚಿಸಿದ 'ಓ ಸೊವಾಜ್' ಎಂಬ ಸುಗಂಧದಲ್ಲಿ ಮಲ್ಲಿಗೆಯ ಗಾಳಿಯಾಡುವ ಲಘುತ್ವವನ್ನು ತಂದ ಹೆಡಿಯೋನ್ ಎಂಬ ದ್ರವ್ಯವು ನಾಲ್ಕು ರೂಪಗಳ ಮಿಶ್ರಣವೇ ಆಗಿತ್ತು. ಅವುಗಳಲ್ಲಿ ಅಲ್ಪಾಂಶವಾದ ಒಂದು ರೂಪವೇ ಪರಿಮಳದ ಬಹುಭಾರವನ್ನು ಹೊತ್ತಿತ್ತು. ಆದುದರಿಂದ ಸುಗಂಧವೊಂದನ್ನು ತೂಗಿ ನೋಡುವಾಗ ಅದು ಗಿಡದಲ್ಲಿ ಹುಟ್ಟಿತೋ ಪಾತ್ರೆಯಲ್ಲಿ ಹುಟ್ಟಿತೋ ಎಂದು ವಿಚಾರಿಸುವುದಕ್ಕಿಂತ, ಅದರಲ್ಲಿ ಯಾವ ರೂಪವು ಎಷ್ಟು ಪಾಲು ಇದೆಯೆಂದು ವಿಚಾರಿಸುವುದೇ ರಸಜ್ಞನಿಗೆ ಒಪ್ಪುವ ಮಾರ್ಗ.