ಕರಪತ್ರದ ಕಡಲು

ಪ್ರವಾಸ ಸಂಸ್ಥೆಗಳು ಹಂಚುವ ಬಣ್ಣದ ಕರಪತ್ರಗಳನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಹಾಗೆ ಓದಿದರೆ ತಪ್ಪೇನೂ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಅರಬ್ ನಾಡಿನ ಬಗ್ಗೆ ನಮ್ಮ ಎಷ್ಟೋ ಮನೆಗಳಿಗೆ ಬಂದು ಬೀಳುವ ಬರವಣಿಗೆ ಈಗ ಇದೊಂದೇ. ‘ಐದು ರಾತ್ರಿ, ಆರು ಹಗಲು’ ಎಂದು ಶುರುವಾಗುವ ಈ ಗದ್ಯಕ್ಕೆ ತನ್ನದೇ ವ್ಯಾಕರಣವಿದೆ. ಹಾಲಿನಂಥ ಮರಳು, ಹೋಟೆಲಿನವರದೇ ಆದ ಖಾಸಗಿ ಕಡಲತೀರ, ಕೋಣೆಯ ಬಾಗಿಲಿಗೇ ಈಜುಕೊಳ, ಮೂರನೆಯ ಸಂಜೆ ಮರುಭೂಮಿಯಲ್ಲಿ ಜೀಪು, ಒಂಟೆ, ಕಬಾಬು, ಗುಡಾರದಡಿ ಕುಣಿತ. ಇಲ್ಲಿ ಕ್ರಿಯಾಪದಗಳಿಗೆಲ್ಲ ಕರ್ತೃ ‘ನೀವು’ ಮಾತ್ರ. ಹಾಸಿಗೆ ಹಾಸಿದವರು, ಮರಳನ್ನು ತಂದು ಸುರಿದವರು, ಕೊಳಕ್ಕೆ ನೀರು ತುಂಬಿದವರು ವಾಕ್ಯದ ಹೊರಗಿದ್ದಾರೆ.

ದುಬೈಯನ್ನೇ ತೆಗೆದುಕೊಳ್ಳೋಣ. ಅಲ್ಲಿನ ತಾಳೆಮರದಾಕಾರದ ದ್ವೀಪ ಪಾಮ್ ಜುಮೈರಾದ ಕೆಲಸ 2001ರಲ್ಲಿ ಶುರುವಾಯಿತು. ಮರಳುಗಾಡಿನ ದೇಶಕ್ಕೆ ಮರಳಿಗೇನು ಬರ ಎಂದು ಯಾರಾದರೂ ಕೇಳಬಹುದು. ಆದರೆ ಗಾಳಿ ಉಜ್ಜಿ ನುಣುಪಾಗಿಸಿದ ಮರುಭೂಮಿಯ ಮರಳಿನ ಕಣಗಳು ಒಂದಕ್ಕೊಂದು ಕಚ್ಚಿ ನಿಲ್ಲುವುದಿಲ್ಲ. ನೀರಿನಲ್ಲಿ ಸುರಿದರೆ ಹರಡಿಹೋಗುತ್ತವೆ. ಹಾಗಾಗಿ ಕೊಲ್ಲಿಯ ತಳವನ್ನೇ ಅಗೆದು ಸುಮಾರು 9.4 ಕೋಟಿ ಘನ ಮೀಟರ್ ಮರಳನ್ನು ಎತ್ತಿ ಹಾಕಬೇಕಾಯಿತು. ಸುತ್ತ ಕಟ್ಟಿದ ಕಲ್ಲಿನ ತಡೆಗೋಡೆಯೊಳಗೆ ನೀರು ನಿಂತು ಕೆಡುವ ಭಯ ಹುಟ್ಟಿದಾಗ ಗೋಡೆಯಲ್ಲಿ ಕಂಡಿಗಳನ್ನು ಬಿಟ್ಟರು. ಕುಡಿಯುವ ನೀರೂ ಹೆಚ್ಚುಕಡಿಮೆ ಪೂರ್ತಿ ಸಮುದ್ರದ್ದೇ. ಉಪ್ಪು ತೆಗೆದು ಕುಡಿಯುತ್ತಾರೆ, ಉಳಿದ ಗಟ್ಟಿ ಉಪ್ಪುನೀರು ಮತ್ತೆ ಅದೇ ಕೊಲ್ಲಿಗೆ. ಕರಪತ್ರದಲ್ಲಿ ‘ಪ್ರಕೃತಿಯ ಮಡಿಲು’ ಎಂದಿರುತ್ತದೆ.

ಇದನ್ನು ಓದಿ ಅರಬ್ಬರನ್ನು ಹೀಗಳೆಯುವವರಿದ್ದಾರೆ. ಒಂಟೆ ಮೇಯಿಸುತ್ತಿದ್ದವರಿಗೆ ದುಡ್ಡು ಬಂದರೆ ಹೀಗೆಯೇ ಎಂಬ ಧಾಟಿಯ ಲೇಖನಗಳು ಯುರೋಪಿನ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಆ ನಗೆ ನಮಗೆ ಒಗ್ಗುವುದಿಲ್ಲ. ದುಬೈಗೆ ಎಣ್ಣೆ ಸಿಕ್ಕಿದ್ದು 1966ರಲ್ಲಿ, ಅದೂ ನೆರೆಯ ಅಬುಧಾಬಿಗೆ ಹೋಲಿಸಿದರೆ ತೀರ ಸ್ವಲ್ಪ. ಅದು ಮುಗಿದ ಮೇಲೆ ಉಣ್ಣುವುದೇನು ಎಂದು ಮೊದಲೇ ಯೋಚಿಸಿ ಬಂದರು, ವಿಮಾನ, ಹೋಟೆಲು ಕಟ್ಟಿದ್ದನ್ನು ಮೂರ್ಖತನ ಎನ್ನಲಾಗದು. ಪ್ರವಾಸಿ ವೀಸಾಕ್ಕೆ ಬಾಗಿಲು ಮುಚ್ಚಿಕೊಂಡಿದ್ದ ಸೌದಿ ಅರೇಬಿಯಾ ಕೂಡ 2019ರ ಸೆಪ್ಟೆಂಬರಿನಲ್ಲಿ ಅದನ್ನು ತೆರೆದು, ಕೆಂಪು ಸಮುದ್ರದ ದ್ವೀಪಗಳಲ್ಲಿ ಐಷಾರಾಮಿ ಹೋಟೆಲುಗಳನ್ನು ಕಟ್ಟಿಸಿತು. ನಮ್ಮ ತಕರಾರು ಇರುವುದು ಕಟ್ಟಿದ್ದರ ಬಗ್ಗೆಯಲ್ಲ, ಕಟ್ಟುವಾಗ ಅಳಿಸಿದ್ದರ ಬಗ್ಗೆ.

ಆ ಕಡಲು ರಜೆಯ ಜಾಗವಾಗುವ ಮುಂಚೆ ದುಡಿಮೆಯ ಜಾಗವಾಗಿತ್ತು. ಬೇಸಿಗೆಯ ನಾಲ್ಕು ತಿಂಗಳು ಮುತ್ತು ತೆಗೆಯುವ ಕಾಲ. ಮೂಗಿಗೆ ಚಿಮುಟ, ಕಾಲಿಗೆ ಕಲ್ಲು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗುಗಾರರು ಒಂದೇ ಉಸಿರಿನಲ್ಲಿ ತಳಕ್ಕೆ ಇಳಿಯುತ್ತಿದ್ದರು. ಹಡಗಿನ ನಾಖುದಾ ಮೊದಲೇ ಮುಂಗಡ ಕೊಟ್ಟಿರುತ್ತಿದ್ದ. ಸಾಲ ತೀರದೆ ಸತ್ತವನ ಲೆಕ್ಕ ಮಗನ ತಲೆಗೆ ಬರುವುದೂ ಇತ್ತು. ಮುತ್ತು ಹೋಗುತ್ತಿದ್ದುದು ನಮ್ಮ ಬೊಂಬಾಯಿಗೆ; 1966ರವರೆಗೂ ದುಬೈಯಲ್ಲಿ ಓಡುತ್ತಿದ್ದುದು ಭಾರತದ ರಿಸರ್ವ್ ಬ್ಯಾಂಕು ಅಚ್ಚು ಹಾಕಿದ ರೂಪಾಯಿ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡುಹೋದ ಇಬ್ನ್ ಬತೂತ ಈ ಮುಳುಗುಗಾರರ ಬಗ್ಗೆಯೂ ಬರೆದಿದ್ದಾನೆ. ತೆಗೆದ ಮುತ್ತನ್ನು ಕೊಳ್ಳುವ ವರ್ತಕರು ಹೆಚ್ಚಿನವರು ಅವರಿಗೆ ಸಾಲ ಕೊಟ್ಟವರೇ, ಮುತ್ತು ಸಾಲಕ್ಕೇ ಜಮೆಯಾಗುತ್ತದೆ ಎಂಬುದನ್ನು ಅವನ ಕಣ್ಣು ಆಗಲೇ ಹಿಡಿದಿತ್ತು. ಈಗ ದುಬೈಯಲ್ಲಿ ಅವನ ಹೆಸರಿನ ದೊಡ್ಡ ಮಾಲ್ ಇದೆ, ಅವನು ಸುತ್ತಿದ ನಾಡುಗಳಿಗೆ ಒಂದೊಂದು ಅಂಗಳ ಮಾಡಿದ್ದಾರೆ. ಕರಪತ್ರದ ನಾಲ್ಕನೆಯ ದಿನದಲ್ಲಿ ಅದು ಸೇರಿರುತ್ತದೆ. ಅವನು ಕಂಡ ಸಾಲ ಸೇರಿರುವುದಿಲ್ಲ.

ಜಪಾನಿನ ಸಾಕು ಮುತ್ತು ಬಂದ ಮೇಲೆ, 1930ರ ದಶಕದಲ್ಲಿ, ಈ ಕಸುಬು ನೆಲ ಕಚ್ಚಿತು. ಅದರ ನೋವನ್ನು ಅರಬ್ಬರೇ ಹೇಳಿದ ಸಿನಿಮಾ ಒಂದಿದೆ: ಕುವೈತಿನ ಖಾಲಿದ್ ಅಲ್ ಸಿದ್ದೀಖ್ 1972ರಲ್ಲಿ ಮಾಡಿದ ‘ಬಸ್ ಯಾ ಬಹರ್’. ಸಾಕು ಕಡಲೇ, ಸಾಕು ಎಂದು ಹೆಸರಿನ ಅರ್ಥ. ಮದುವೆಗೆ ದುಡ್ಡು ಹೊಂದಿಸಲು ಮುತ್ತಿಗಿಳಿದ ಹುಡುಗ ಹಿಂತಿರುಗುವುದಿಲ್ಲ. ಅವನ ಪ್ರಾಣದ ಬೆಲೆಯಾಗಿ ಬಂದ ಮುತ್ತನ್ನು ತಾಯಿ ಕಡಲಿಗೇ ಎಸೆಯುತ್ತಾಳೆ. ಎಣ್ಣೆಯ ಶ್ರೀಮಂತಿಕೆ ಏರುತ್ತಿದ್ದ ಹೊತ್ತಿನಲ್ಲಿ ಆ ದೇಶದ ಮೊದಲ ಕಥಾಚಿತ್ರ ತನ್ನ ಬಡತನವನ್ನು ನೆನೆಯಿತು ಎಂಬುದು ಸಣ್ಣ ಸಂಗತಿಯಲ್ಲ.

ಕಡಲತೀರದ ವಿಹಾರವನ್ನು ಈಚೆ ದಡದಿಂದ ನೋಡಿದ ಬರಹ ಬೇಕಿದ್ದರೆ ಅಬ್ದುಲ್ ರಹಮಾನ್ ಮುನೀಫರ ‘ಉಪ್ಪಿನ ನಗರಗಳು’ ಕಾದಂಬರಿಯನ್ನು ಓದಬೇಕು. 1984ರಲ್ಲಿ ಬಂದ ಅದರ ಮೊದಲ ಸಂಪುಟದಲ್ಲಿ ಹರ್ರಾನ್ ಎಂಬ ಕಡಲೂರಿಗೆ ಅಮೆರಿಕನ್ನರ ಹಡಗು ಬರುತ್ತದೆ. ದೀಪ, ಸಂಗೀತ, ಅರೆಬಟ್ಟೆಯ ಹೆಂಗಸರು. ದಡದಲ್ಲಿ ಕುಳಿತ ಕೂಲಿಗಳು ದಂಗಾಗಿ ನೋಡುತ್ತಾರೆ. ಊರಿನ ಅಮೀರನ ಕೈಗೆ ಒಂದು ದುರ್ಬೀನು ಸಿಗುತ್ತದೆ, ಆಮೇಲೆ ಅವನಿಗೆ ರಾಜ್ಯಭಾರದಲ್ಲಿ ಮನಸ್ಸಿಲ್ಲ. ಮುನೀಫ್ ಇಲ್ಲಿ ನೀತಿಪಾಠ ಹೇಳಲು ಹೋಗುವುದಿಲ್ಲ. ಕೂಲಿಗಳಿಗಾಗುವುದು ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ಅವಮಾನ. ತಮ್ಮದೇ ದಡದಲ್ಲಿ ತಾವು ಪ್ರೇಕ್ಷಕರಾದ ಅವಮಾನ. ಆಮೇಲೆ ಬೇಲಿ ಏಳುತ್ತದೆ. ಆಚೆ ಈಜುಕೊಳ, ಈಚೆ ಶೆಡ್ಡು. ಈ ಕಾದಂಬರಿಯನ್ನು ಸೌದಿಯಲ್ಲಿ ನಿಷೇಧಿಸಿದರು. ಅದಕ್ಕೂ ಮೊದಲೇ ಅಲ್ಲಿನ ಪೌರತ್ವ ಕಳೆದುಕೊಂಡಿದ್ದ ಲೇಖಕರು 2004ರಲ್ಲಿ ದಮಾಸ್ಕಸ್ಸಿನಲ್ಲಿ ತೀರಿಕೊಂಡರು.

ಮುನೀಫರಲ್ಲೂ ಒಂದು ಕೊರತೆ ನಮಗೆ ಕಾಣುತ್ತದೆ. ಅವರ ಕೂಲಿಗಳು ಅರಬರು. ಕೊಲ್ಲಿಯನ್ನು ಕಟ್ಟಿದ ಮಲಯಾಳಿ, ತಮಿಳ, ಪಠಾಣ, ಬಂಗಾಳಿಗಳ ಬದುಕು ಅಲ್ಲಿ ತುಂಬಿಕೊಂಡು ಬರುವುದಿಲ್ಲ. ಎಣ್ಣೆಯ ಲೋಕ ಯಾವ ಒಂದು ನೆಲಕ್ಕೂ ಒಂದು ಭಾಷೆಗೂ ಅಂಟಿಕೊಳ್ಳದ್ದು, ಆದ್ದರಿಂದಲೇ ಕಾದಂಬರಿಗೆ ಅದು ಸುಲಭವಾಗಿ ದಕ್ಕುವುದಿಲ್ಲ ಎಂಬ ಮಾತನ್ನು ಅಮಿತಾವ್ ಘೋಷ್ 1992ರ ಒಂದು ಪ್ರಬಂಧದಲ್ಲಿ ಎತ್ತಿದ್ದರು. ಆ ಖಾಲಿ ಜಾಗಕ್ಕೆ ಬಂದದ್ದು ಬೆನ್ಯಾಮಿನರ ಮಲಯಾಳ ಕಾದಂಬರಿ ‘ಆಡುಜೀವಿತಂ’ (2008). ಕಂಪೆನಿಯ ಕೆಲಸವೆಂದು ಹೊರಟ ನಜೀಬ್ ಸೌದಿಯ ಮರಳುಗಾಡಿನ ಆಡಿನ ದೊಡ್ಡಿಯಲ್ಲಿ ಸಿಕ್ಕಿಬೀಳುತ್ತಾನೆ. ಶೌಚಕ್ಕೆ ಹೋಗಿ ನೀರು ಮುಟ್ಟಿದ್ದಕ್ಕೆ ಅವನಿಗೆ ಬಾರುಕೋಲಿನ ಏಟು ಬೀಳುತ್ತದೆ. ಕರಪತ್ರದ ಮೂರನೆಯ ಸಂಜೆಯ ಮರುಭೂಮಿ ಇದಕ್ಕಿಂತ ಬೇರೆಯದೇನಲ್ಲ. ಸಂಜೆ ಮುಗಿದ ಮೇಲೆ ವಾಪಸು ಕರೆದೊಯ್ಯುವ ಜೀಪು ಇದೆಯೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ.

ಬೇಸಿಗೆಯ ವಿಷಯಕ್ಕೆ ಮತ್ತೆ ಬರೋಣ. ಸೆಖೆಗೆ ಪ್ರವಾಸಿಗಳು ಕಡಿಮೆಯಾಗುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಟೆಲು ದರ ಇಳಿಯುತ್ತದೆ. ನಮ್ಮ ಮಧ್ಯಮ ವರ್ಗದವರು ಲೆಕ್ಕ ಹಾಕುವುದು ಆ ದಿನಗಳನ್ನೇ. ಸುಮಾರು ಅದೇ ದಿನಗಳಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಕೂಡದೆಂದು ಅಲ್ಲಿ ನಿಯಮವಿದೆ. ಮುತ್ತಿನ ಮುಳುಗುಗಾರರ ಕಾಲವೂ ಇದೇ ಆಗಿತ್ತು. ಹಳೆಯ ನಾಖುದಾನ ಮುಂಗಡದ ಜಾಗದಲ್ಲಿ ಇಂದು ಊರಿನ ಏಜೆಂಟನಿಗೆ ಕೊಡಲು ಅಡವಿಟ್ಟ ಹೆಂಡತಿಯ ಬಂಗಾರವಿದೆ. ಕಾನೂನು ಆ ಸಾಲವನ್ನು ಒಪ್ಪುವುದಿಲ್ಲ. ಒಪ್ಪದಿದ್ದರೂ ಅದು ಇದೆ.

ನಮ್ಮ ಕರಾವಳಿಗೆ ಈ ಮಾತು ಪರಕೀಯವಲ್ಲ. ಭಟ್ಕಳ, ಉಡುಪಿ, ಮಂಗಳೂರಿನ ಎಷ್ಟೋ ಮನೆಗಳ ತಾರಸಿ, ತಂಗಿಯ ಮದುವೆ, ತಮ್ಮನ ಕಾಲೇಜು ಆ ದಡದ ದುಡಿಮೆಯಿಂದಲೇ ಆದವು. ಈಗ ಅದೇ ಮನೆಯ ಮಕ್ಕಳು ಪ್ರವಾಸಿ ವೀಸಾದಲ್ಲಿ ಹೊರಡುತ್ತಾರೆ. ಹೊರಡಲಿ; ಅಪ್ಪ ಇಪ್ಪತ್ತು ವರ್ಷ ದುಡಿದ ಊರಿನ ಕಡಲಿನಲ್ಲಿ ಮಗಳು ಒಂದು ದಿನ ಕಾಲು ನೆನೆಸಿದರೆ ಅದಕ್ಕೆ ಹುಬ್ಬು ಗಂಟಿಕ್ಕುವವರು ನಾವಲ್ಲ. ಆದರೆ ಆರು ಹಗಲಿನ ಆ ಪಟ್ಟಿಯಲ್ಲಿ ಅಪ್ಪ ಇದ್ದ ಕೋಣೆಗೆ ಜಾಗವಿಲ್ಲ. ಒಂದು ಸಂಜೆ ಹೋಟೆಲಿನ ತೀರ ಬಿಟ್ಟು, ದೇರಾದಿಂದ ಬರ್ ದುಬೈಗೆ ಖೋರ್ ದಾಟುವ ಅಬ್ರಾ ದೋಣಿಯಲ್ಲಿ ಕೂರಬಹುದು. ಅದರ ಹಲಗೆಯ ಮೇಲೆ ಪಕ್ಕದಲ್ಲಿ ಕೂರುವವರು ಕೆಲಸ ಮುಗಿಸಿ ಬಂದವರು. ಅವರ ಮಾತಿನಲ್ಲಿ ಬ್ಯಾರಿ, ತುಳು, ನವಾಯತಿ ಕೇಳಿಬಂದರೆ ಎಲ್ಲಿಯವರೆಂದು ವಿಚಾರಿಸಬಹುದು.