ಕರಸಂಜಾತರ ಪರಂಪರೆ

ವಿರಕ್ತಮಠಗಳ ಶ್ರೀಗಳ ಹೆಸರಿನೊಡನೆ ಬರುವ 'ಕರಕಮಲಸಂಜಾತ' ಎಂಬ ಮಾತನ್ನು ಬರಿಯ ಗೌರವದ ವಿಶೇಷಣವೆಂದು ತಿಳಿದು ಮುಂದೆ ಸಾಗುವವರೇ ಹೆಚ್ಚು. ವಾಸ್ತವವಾಗಿ ಅದರಲ್ಲಿ ಒಂದು ವಾದವೇ ಅಡಗಿದೆ. ತಾಯಿಯ ಗರ್ಭದಿಂದ ಬಂದುದು ಒಂದು ಜನ್ಮ. ಗುರುವಿನ ಹಸ್ತದಿಂದ ಬಂದುದು ಮತ್ತೊಂದು. ಉತ್ತರಾಧಿಕಾರಕ್ಕೆ ಎರಡನೆಯದೇ ಆಧಾರ ಎಂಬುದೇ ಆ ವಾದ. ಪುತ್ರನಿಲ್ಲದವನಿಗೆ ಸದ್ಗತಿಯಿಲ್ಲವೆಂದು ನಂಬಿದ್ದ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. ಶಿವಕವಿಗಳು ಇದನ್ನು ಹೇಗೆ ಕಂಡರೆಂಬುದು ವಿಚಾರಾರ್ಹವಾಗಿದೆ.

ಹರಿಹರನ 'ಪ್ರಭುದೇವರ ರಗಳೆ'ಯಲ್ಲಿ ಅಲ್ಲಮನು ಮೊದಲಿಗೆ ಗೃಹಸ್ಥ. ಕಾಮಲತೆಯನ್ನು ಒಲಿದು ವರಿಸಿದವನು. ಆಕೆ ಜ್ವರದಿಂದ ತೀರಿಕೊಂಡಾಗ ಹುಚ್ಚನಂತೆ ಅಲೆದವನು. ಆ ದಾಂಪತ್ಯದಿಂದ ಉಳಿದುದು ದುಃಖವೊಂದೇ. ಅಲೆಯುತ್ತ ಬಂದವನ ಕಾಲ್ಬೆರಳಿಗೆ ಮಣ್ಣಿನಲ್ಲಿ ಹೂತ ಕಳಸ ತಾಗುತ್ತದೆ. ಅಗೆಸಿದರೆ ಗುಡಿ, ಒಳಗೆ ಅಂಗೈಯಲ್ಲಿ ಲಿಂಗವನ್ನು ಹಿಡಿದು ಕುಳಿತ ಅನಿಮಿಷಯ್ಯ. ಲಿಂಗ ಅಲ್ಲಮನ ಕೈಗೆ ಬರುತ್ತದೆ. ಕೊಟ್ಟವನ ಪ್ರಾಣ ಹೋಗುತ್ತದೆ. ಅನಿಮಿಷನಿಗೂ ಅಲ್ಲಮನಿಗೂ ರಕ್ತಸಂಬಂಧವಿಲ್ಲ, ಹಿಂದಿನ ಪರಿಚಯವೂ ಇಲ್ಲ. ಆತನಿಗೆ ಬೇಕಾಗಿದ್ದುದು ಕೈಯೊಡ್ಡುವ ಒಬ್ಬ ವ್ಯಕ್ತಿ ಮಾತ್ರ. ಇಡೀ ಕನ್ನಡ ಕಾವ್ಯದಲ್ಲಿ ಆಸ್ತಿಯ ಹಸ್ತಾಂತರವನ್ನು ಇಷ್ಟು ನಿಶ್ಶಬ್ದವಾಗಿ ಚಿತ್ರಿಸಿದ ಸನ್ನಿವೇಶ ಮತ್ತೊಂದಿರಲಾರದು. 'ಗುಹೇಶ್ವರ' ಎಂಬ ಅಂಕಿತದಲ್ಲಿ ಆ ನೆಲದೊಳಗಣ ಗುಡಿಯ ನೆನಪು ಉಳಿದಿದೆಯೆಂದು ಓದಲು ಎಡೆಯುಂಟು. ಹಾಗೆ ಓದಿದರೆ ಪ್ರಭುದೇವರ ಪ್ರತಿಯೊಂದು ವಚನದ ಕೊನೆಯಲ್ಲಿಯೂ ಅನಿಮಿಷಯ್ಯನ ಋಣಸಂದಾಯವಾಗುತ್ತಿದೆ ಎನ್ನಬೇಕು.

ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಕಾಮಲತೆಯ ಸ್ಥಾನಕ್ಕೆ ಮಾಯೆ ಬಂದಿದ್ದಾಳೆ. ಅಲ್ಲಮನು ಆರಂಭದಿಂದಲೂ ಯಾವುದಕ್ಕೂ ಸಿಕ್ಕದವನು. ಭಕ್ತಿಗೆ ಇದು ಒಪ್ಪುವಂಥದೇ. ಆದರೆ ಏನನ್ನೂ ಕಳೆದುಕೊಳ್ಳದವನು ಪಡೆಯುವುದಾದರೂ ಏನನ್ನು? ಈ ಒಂದು ಅಂಶದಲ್ಲಿ ಹರಿಹರನ ಕಥನವೇ ಮಿಗಿಲಾದುದು.

ಅಂಕಿತದ ಮಾತು ಬಂದುದರಿಂದ ಚೆನ್ನಬಸವಣ್ಣನವರನ್ನೂ ನೆನೆಯಬೇಕು. ಬಸವಣ್ಣನವರಿಗೆ ಮಗನಿದ್ದನೆಂಬ ಐತಿಹ್ಯವುಂಟು. ಆದರೂ ಅವರ ಅಂಕಿತವನ್ನು ತನ್ನ ಅಂಕಿತದೊಳಗೆ ಇಂಬಿಟ್ಟುಕೊಂಡವರು ಅಕ್ಕ ನಾಗಲಾಂಬಿಕೆಯ ಮಗನೇ. 'ಕೂಡಲಸಂಗಮದೇವ' ಎಂಬಲ್ಲಿ 'ಚೆನ್ನ' ಸೇರಿ 'ಕೂಡಲಚೆನ್ನಸಂಗಮದೇವ' ಆಯಿತು. ಹರಿಹರ-ರಾಘವಾಂಕರ ನಡುವೆಯೂ ಸೋದರಮಾವ-ಅಳಿಯ ಸಂಬಂಧವನ್ನೇ ಪರಂಪರೆ ಹೇಳುತ್ತದೆ.

ರಾಘವಾಂಕನ 'ಸಿದ್ಧರಾಮ ಚಾರಿತ್ರ'ದ ನಾಯಕನಾದ ಸೊನ್ನಲಿಗೆಯ ಸಿದ್ಧರಾಮನು ಸಂಸಾರಿಯಲ್ಲ. ಆತನನ್ನು ವರಿಸಬಯಸಿದ ಕನ್ಯೆಗೆ ಯೋಗದಂಡದೊಡನೆ ವಿವಾಹವಾಯಿತೆಂಬ ನಂಬಿಕೆಯಂತೆ ಸೊಲ್ಲಾಪುರದಲ್ಲಿ ಸಂಕ್ರಾಂತಿಯ ಜಾತ್ರೆಯಲ್ಲಿ ಇಂದಿಗೂ ಆ ಮದುವೆ ನಡೆಯುತ್ತದೆ. ಆತನು ಬಿಟ್ಟುಹೋದುದು ಕೆರೆಯನ್ನು, ಮತ್ತು ವಚನಗಳನ್ನು. ಕೆರೆಯ ವಿಷಯದಲ್ಲಿ ಜಗಳವಿಲ್ಲ. ನೀರು ಯಾರ ವಂಶವನ್ನೂ ಕೇಳುವುದಿಲ್ಲ. ಜಗಳ ಹುಟ್ಟಿದುದು ಆತನ ಜೀವನಾರ್ಥವನ್ನು ಕುರಿತು.

ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆ ಆಗಿರಲಿಲ್ಲವೆಂಬಂತೆ ಶಿವಗಣಪ್ರಸಾದಿ ಮಹಾದೇವಯ್ಯನು 15ನೆಯ ಶತಮಾನದಲ್ಲಿ ಮೊದಲ 'ಶೂನ್ಯಸಂಪಾದನೆ'ಯನ್ನು ಸಂಯೋಜಿಸಿದನು. ಹಲಗೆಯಾರ್ಯನಿಗೆ ಇದು ಸಮ್ಮತವಾಗಲಿಲ್ಲ. ಆತನು ಕೃತಿಯನ್ನು ಮತ್ತೆ ಜೋಡಿಸಿ ದೀಕ್ಷೆಯ ಪ್ರಸಂಗವನ್ನು ಸೇರಿಸಿದನು. ಮುಂದೆ ಗುಮ್ಮಳಾಪುರದ ಸಿದ್ಧಲಿಂಗಯತಿಯೂ ಗೂಳೂರ ಸಿದ್ಧವೀರಣಾರ್ಯನೂ ದೀಕ್ಷೆಯನ್ನು ಉಳಿಸಿಕೊಂಡರು. ಸಿದ್ಧಾಂತದ ದೃಷ್ಟಿಯಿಂದ ಯಾರದು ಸರಿ ಎಂಬ ಚರ್ಚೆಯನ್ನು ವಿದ್ವಾಂಸರು ಮಾಡಿದ್ದಾರೆ. ಅದಕ್ಕಿಂತ ಗಮನಿಸತಕ್ಕ ಸಂಗತಿ ಬೇರೆಯಿದೆ. ಹೊಟ್ಟೆಯ ಮಗನು ತಂದೆಯ ಹೊಲದ ಬದುವನ್ನು ಸರಿಸಬಹುದು, ಮಾರಬಹುದು. ತಂದೆಯ ಬಾಳಿನ ಅರ್ಥವೇನೆಂದು ಕೇಳುವ ಗೋಜಿಗೆ ಅವನು ಹೋಗಬೇಕಾಗಿಲ್ಲ. ಮಾತಿನಿಂದ ಹುಟ್ಟಿದ ವಾರಸುದಾರನಿಗೆ ಆ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಕೆಲವೊಮ್ಮೆ ಅವನು ಹಿರಿಯರನ್ನು ತಿದ್ದುತ್ತಾನೆ, ತಿದ್ದುವುದರಲ್ಲಿ ತಪ್ಪುವುದೂ ಉಂಟು. ಸಿದ್ಧರಾಮನ ಸ್ವತಂತ್ರಯೋಗವನ್ನು ಹಲಗೆಯಾರ್ಯನು ಒಂದು ಚೌಕಟ್ಟಿಗೆ ತಂದನೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೂ ಮಹಾದೇವಯ್ಯನ ಪಾಠವನ್ನು ಯಾರೂ ಅಳಿಸಿಹಾಕಲಿಲ್ಲ. ಲಿಪಿಕಾರರು ಅದನ್ನೂ ತಾಳೆಗರಿಯಲ್ಲಿ ಉಳಿಸಿಕೊಂಡು ಬಂದರು. ದೀಕ್ಷೆ ಪಡೆದ ಸಿದ್ಧರಾಮನೂ ಪಡೆಯದ ಸಿದ್ಧರಾಮನೂ ಇಂದು ಅಚ್ಚಿನಲ್ಲಿ ಒಂದೇ ಕಪಾಟಿನಲ್ಲಿ ದೊರೆಯುತ್ತಾರೆ.